ಬಾಸ್ ಪೆಟ್ಟಿಗೆಯ ನಾಲ್ಕು ಬೀಗ

ಅಕ್ಟೋಬರ್ ೨, ಬೆಳಿಗ್ಗೆ, ವ್ಯಾನಿನಲ್ಲಿ

ಈ ವ್ಯಾನಿಗೆ ಒಂದು ವಾಸನೆಯಿದೆ. ಒದ್ದೆ ಸಾಕ್ಸು, ನಿನ್ನೆಯ ಬ್ರೆಡ್ಡು, ತುಕ್ಕು ಹಿಡಿದ ತಂತಿ, ಮೂರು ಗಂಡಸರು. ಹೊರಟು ಹನ್ನೊಂದು ದಿನವಾಯಿತು, ಇನ್ನೂ ಅರ್ಧದ ಮೇಲಿದೆ. ಅಷ್ಟರೊಳಗೆ ನನ್ನ ಮೂಗು ಸತ್ತುಹೋದರೆ ಪುಣ್ಯ.

ಮುಂದಿನ ಸೀಟಿನಲ್ಲಿ ಅಣ್ಣ ಬಾಯಿ ತೆರೆದುಕೊಂಡು ಮಲಗಿದ್ದಾನೆ. ನಮ್ಮ ಬ್ಯಾಂಡಿನ ಹಾಡುಗಾರ. ಊರೂರಲ್ಲಿ ಹುಡುಗರು ತೋಳಿನ ಮೇಲೆ ಈ ಮುಖವನ್ನು ಹಚ್ಚೆ ಹಾಕಿಸಿಕೊಳ್ಳುತ್ತಾರೆ. ಜೊಲ್ಲು ಸುರಿಸುವುದನ್ನು ಒಮ್ಮೆ ನೋಡಿದರೆ ಕೆರೆದು ಅಳಿಸಿಕೊಂಡಾರು. ವ್ಯಾನ್ ಓಡಿಸುತ್ತಿರುವವನು ಇಟ್ಟಿಗೆ, ಡ್ರಮ್ಸ್ ಬಾರಿಸುವವನು. ಟೂರ್ ಇಲ್ಲದಾಗ ಗಾರೆ ಕೆಲಸ ಮಾಡುತ್ತಾನೆ, ಹೆಸರು ಅದರಿಂದ ಬಂದದ್ದು. ಒಂದನೇ ಕ್ಲಾಸಿನಿಂದ ಅಣ್ಣನ ಗೆಳೆಯ, ನಮ್ಮ ಮನೆಯಲ್ಲೇ ಉಂಡು ಬೆಳೆದವನು. ಅಮ್ಮ ಅವನನ್ನು ‘ನನ್ನ ಎರಡನೇ ಮಗ’ ಎನ್ನುತ್ತಾಳೆ. ಹಾಗಾದರೆ ನಾನು ಎಷ್ಟನೆಯವಳು ಎಂದರೆ, ನೀನು ಲೆಕ್ಕಕ್ಕಿಲ್ಲ ಎನ್ನುತ್ತಾಳೆ. ನನ್ನ ಪಕ್ಕದಲ್ಲಿ ಗಿಟಾರಿನ ವಕೀಲ. ಒಂದೂವರೆ ವರ್ಷ ಲಾ ಓದಿ ಬಿಟ್ಟ. ಓದು ಬಿಟ್ಟನೇ ಹೊರತು ವಾದ ಬಿಡಲಿಲ್ಲ. ಈಗ ಮೊಸರು ಕೆಟ್ಟಿದೆಯೋ ಇಲ್ಲವೋ ಎಂದು ಅರ್ಧ ಗಂಟೆಯಿಂದ ಒಬ್ಬನೇ ವಾದಿಸುತ್ತಿದ್ದಾನೆ.

ನಾನು ಬಾಸ್ ಗಿಟಾರ್ ಬಾರಿಸುವವಳು. ನಮ್ಮಲ್ಲಿರುವುದು ಒಂದೇ ಕಾನೂನು: ಅವರವರ ಸಾಮಾನು ಅವರವರೇ ಇಳಿಸಬೇಕು, ಅವರವರೇ ಹೂಡಬೇಕು, ಇನ್ನೊಬ್ಬರು ಕೈ ಹಾಕಬಾರದು. ನನ್ನ ಪಾಲಿಗೆ ಬಂದದ್ದು ಎದೆಯೆತ್ತರದ ಸ್ಪೀಕರ್ ಪೆಟ್ಟಿಗೆ. ಕೆಳಗೆ ನಾಲ್ಕು ಚಕ್ರ, ಒಂದೊಂದಕ್ಕೂ ಒಂದು ಬೀಗ. ಷೂ ತುದಿಯಿಂದ ಒದ್ದರೆ ಬೀಗ ಕೂರುತ್ತದೆ. ಠಕ್, ಠಕ್, ಠಕ್, ಠಕ್. ಇಟ್ಟಿಗೆ ದಿನಾ ರೇಗಿಸುತ್ತಾನೆ: “ಪುಟ್ಟಿ, ನಿನ್ನ ನಾಲ್ಕು ಒದೆ ಕಿವಿಗೆ ಬಿದ್ಮೇಲೇ ನಂಗೆ ಷೋ ಶುರುವಾಯ್ತು ಅನ್ಸೋದು.”

ಒದೆಯಲೇಬೇಕು. ಕೊನೆಯ ಹಾಡು ‘ಯಾರಿದ್ದೀರಿ’ಯಲ್ಲಿ ಅಣ್ಣ ಹತ್ತುವುದು ಅದೇ ಪೆಟ್ಟಿಗೆಯನ್ನು. ಮೇಲೆ ನಿಂತು ‘ಯಾರಿದ್ದೀರಿ?’ ಎಂದು ಕಿರುಚುತ್ತಾನೆ. ಎಲ್ಲರೂ ಒಟ್ಟಿಗೆ ನಿಲ್ಲಿಸುತ್ತೇವೆ. ನಾಲ್ಕು ಎಣಿಸುವಷ್ಟು ಹೊತ್ತು ನಮ್ಮದೊಂದು ಸದ್ದಿಲ್ಲ. ಮೂರಕ್ಕೆ ಅವನು ಜನರ ಮೇಲೆ ಹಾರುತ್ತಾನೆ, ಅವರು ಕೈಯೆತ್ತಿ ‘ನಾವಿದೀವಿ’ ಎಂದು ಹಿಡಿಯುತ್ತಾರೆ, ನಾಲ್ಕು ಮುಗಿದದ್ದೇ ಇಟ್ಟಿಗೆ ಡ್ರಮ್ಸ್ ಬಡಿದು ನಮ್ಮೆಲ್ಲರನ್ನೂ ಮತ್ತೆ ಹಾಡಿನೊಳಕ್ಕೆ ಎಳೆಯುತ್ತಾನೆ. ಆರು ವರ್ಷದಲ್ಲಿ ಜನ ಅವನನ್ನು ಒಮ್ಮೆಯೂ ಕೆಳಗೆ ಬಿಟ್ಟಿಲ್ಲ. ನಾನಾಗಿದ್ದರೆ ಎರಡು ಸಲವಾದರೂ ಬಿಡುತ್ತಿದ್ದೆ.

ಅಕ್ಟೋಬರ್ ೪, ಸಂಜೆ ಐದು, ಸಭಾಂಗಣದ ಹಿಂದಿನ ಮೆಟ್ಟಿಲು

ನನ್ನ ಹಾಡು ಇವತ್ತೂ ಪಟ್ಟಿಯಲ್ಲಿಲ್ಲ. ಎರಡು ವರ್ಷದಿಂದ ಕೈಯಲ್ಲಿಟ್ಟುಕೊಂಡು ಕಾಯುತ್ತಿದ್ದೇನೆ. “ಇನ್ನೂ ಬೆಂದಿಲ್ಲ ಕಣೇ,” ಎಂದ ಅಣ್ಣ, ವಕೀಲನ ಮುಂದೆ, ಅಲ್ಲಿಯ ಸೌಂಡಿನವನ ಮುಂದೆ. ಒಲೆಯನ್ನೇ ಕೊಡದವನು ಬೆಂದಿಲ್ಲ ಎನ್ನಲು ಯಾವ ದೊಡ್ಡಪ್ಪ ಎಂದು ಕೇಳಿದೆ. ನಕ್ಕ. ಆ ನಗುವಿಗೆ ಮೈಯೆಲ್ಲ ಉರಿದುಹೋಯಿತು. ನನಗಿಂತ ಎರಡು ವರ್ಷ ಮೊದಲು ಹುಟ್ಟಿದ್ದಕ್ಕೆ ಇಷ್ಟು ಧಿಮಾಕು.

ಪೆಟ್ಟಿಗೆಯನ್ನು ತಳ್ಳಿಕೊಂಡು ಹೋಗಿ ವೇದಿಕೆಯಲ್ಲಿ ಅದರ ಜಾಗಕ್ಕೆ ನಿಲ್ಲಿಸಿ, ಮಿಕ್ಕಿದ್ದು ಆಮೇಲೆ ಎಂದು ಹೊರಗೆ ಬಂದು ಕೂತಿದ್ದೇನೆ. ಇವನು ಒಂದು ದಿನ ಎಲ್ಲರೆದುರು ಮೂಗು ಜಜ್ಜಿಕೊಂಡು ಬೀಳಬೇಕು, ಆಗ ಬುದ್ಧಿ ಬರುತ್ತದೆ.

ವಕೀಲ ಬಾಗಿಲಿಂದ ಕರೆಯುತ್ತಿದ್ದಾನೆ. ಸೌಂಡ್ ಚೆಕ್ ಅಂತೆ. ಕಾಯಲಿ.

ಅಕ್ಟೋಬರ್ ೬, ಆಸ್ಪತ್ರೆ

ಅಣ್ಣ ಬಿದ್ದ.

ಮೊನ್ನೆ ರಾತ್ರಿ ಕೊನೆಯ ಹಾಡಿನಲ್ಲಿ ಹಾರಿದವನು ಜನರ ಕೈಗೆ ತಲುಪಲಿಲ್ಲ. ವೇದಿಕೆಗೂ ಜನಕ್ಕೂ ನಡುವೆ ಕಬ್ಬಿಣದ ಕಟಕಟೆ ಇತ್ತು, ಅದರ ಮೇಲೆ ಬೆನ್ನು ಬಡಿಯಿತು. ಆಪರೇಷನ್ ಆರು ಗಂಟೆ ನಡೆಯಿತು. ಸೊಂಟದಿಂದ ಕೆಳಗೆ ಮುಟ್ಟಿದರೆ ಗೊತ್ತಾಗುತ್ತಿಲ್ಲ. ಡಾಕ್ಟರಮ್ಮ ಒಳ್ಳೆಯವರು, ನಮ್ಮನ್ನು ಕೂರಿಸಿ ನೀರು ಕೊಟ್ಟು ಆಮೇಲೆ ಹೇಳಿದರು. ನೀರು ಕೊಟ್ಟಾಗಲೇ ನನಗೆ ಗೊತ್ತಾಯಿತು.

ನಾಲ್ಕೂ ಚಕ್ರದ ಬೀಗ ಹಾಕಿದ್ದೆ. ದಿನಾ ಹಾಕುವ ಹಾಗೆ ಒದ್ದು ಹಾಕಿದ್ದೆ. ಆಮೇಲೆ ಮರೆತುಹೋಗಬಾರದು ಎಂದು ಬರೆದಿಡುತ್ತಿದ್ದೇನೆ.

ಅಕ್ಟೋಬರ್ ೭

ಅಮ್ಮ ಬೆಳಿಗ್ಗೆ ಬಂದಳು. ಚಪ್ಪಲಿ ಒಂದೊಂದು ಕಾಲಿಗೆ ಒಂದೊಂದು ಜೊತೆಯದು. ಅಣ್ಣನ ಪಾದಗಳನ್ನು ಉಜ್ಜುತ್ತಾ ಕೂತಿದ್ದಾಳೆ. ಅವನಿಗೆ ತಿಳಿಯುವುದಿಲ್ಲಮ್ಮ ಎಂದೆ. ನಂಗೆ ತಿಳಿಯತ್ತಲ್ಲ ಎಂದಳು.

ಮಧ್ಯಾಹ್ನ ವಕೀಲ ಫೋನಿನಲ್ಲಿ ವಿಡಿಯೋ ತೋರಿಸಿದ. ಯಾರೋ ಹುಡುಗಿ ಗುಂಪಿನ ನಡುವಿನಿಂದ ತೆಗೆದದ್ದು, ಈಗ ಎಲ್ಲೆಡೆ ಓಡಾಡುತ್ತಿದೆ. ಅಣ್ಣ ಸೊಂಟದಿಂದ ಮೇಲಕ್ಕಷ್ಟೇ ಕಾಣುತ್ತಾನೆ. ಯಾರಿದ್ದೀರಿ ಎನ್ನುತ್ತಾನೆ. ಮೌನ. ಒಂದು, ಎರಡು, ಮೂರಕ್ಕೇ ಡ್ರಮ್ಸ್ ಬಡಿಯುತ್ತದೆ, ಅಣ್ಣ ಬೆಚ್ಚಿದವನ ಹಾಗೆ ಓಲಾಡಿ ಬೀಳುತ್ತಾನೆ. ವಕೀಲ ಅದನ್ನು ಏಳೆಂಟು ಸಲ ಹಾಕಿದ. ಒಂದು ಎಣಿಕೆ ಮೊದಲೇ ಬಡಿದಿದ್ದಾನೆ, ಸಾಕ್ಷಿ ಕಣ್ಣೆದುರೇ ಇದೆ ಎಂದ. ಇಟ್ಟಿಗೆಯೂ ನೋಡಿದ. ಅವನು ವಾದಿಸಲಿಲ್ಲ. ಕಾರಿಡಾರಿನ ಗೋಡೆಗೆ ಒರಗಿ ಹಾಗೇ ಕೆಳಗೆ ಜಾರಿ ಕೂತು, ಎರಡೂ ಕೈಗಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡ. ಅವನು ಯಾವಾಗಲೂ ಸ್ವಲ್ಪ ಅವಸರದವನೇ. ಎಷ್ಟು ಸಲ ಹೇಳಿದ್ದೇವೆ.

ಅಮ್ಮ ಅವನ ಮುಂದೆ ಬಂದು ನಿಂತಳು. ಹೊಡೆಯುತ್ತಾಳೇನೋ ಅಂದುಕೊಂಡೆ. ಉಂಡ ಮನೆಗೆ ಎರಡು ಬಗೆದೆಯಲ್ಲೋ ಎಂದು ಮೆಲ್ಲಗೆ ಹೇಳಿ ಒಳಗೆ ಹೋದಳು. ಹೊಡೆದಿದ್ದರೆ ಚೆನ್ನಾಗಿತ್ತು.

ಇಟ್ಟಿಗೆ ಬೇಗ ಬಡಿದ. ವಿಡಿಯೋದಲ್ಲಿದೆ.

ಅಕ್ಟೋಬರ್ ೯

ಅಣ್ಣನಿಗೆ ಪೂರ್ತಿ ಎಚ್ಚರವಿದೆ. ಪೆಟ್ಟಿಗೆ ಹತ್ತಿದ್ದು ನೆನಪಿದೆಯಂತೆ, ಆಮೇಲೆ ನೆನಪಿರುವುದು ಆಸ್ಪತ್ರೆಯ ಸೂರು. ನಡುವಿನದ್ದು ಇಲ್ಲ. ಇಲ್ಲದಿರುವುದೇ ಒಳ್ಳೆಯದು ಎಂದಳು ಅಮ್ಮ.

ಬಾಕಿ ಒಂಬತ್ತು ಊರುಗಳನ್ನು ನೀವೇ ಮುಗಿಸಿ ಬನ್ನಿ, ಪುಟ್ಟಿ ಹಾಡಲಿ ಎಂದ. ನಾನು ಆಗುವುದಿಲ್ಲ ಎಂದೆ. ನಿಂಗೆ ಒಲೆ ಬೇಕಾಗಿತ್ತಲ್ಲ, ತಗೋ ಎಂದು ನಗಲು ನೋಡಿದ. ಕೆಮ್ಮು ಬಂತು. ಅವನಿಗೆ ಕೆಮ್ಮಲೂ ಇಬ್ಬರು ಹಿಡಿದುಕೊಳ್ಳಬೇಕು.

ಇಟ್ಟಿಗೆ ಬಾಗಿಲಲ್ಲಿ ನಿಂತಿದ್ದ. ಅಣ್ಣ ಅವನ ಕಡೆ ನೋಡದೆ ನನಗೇ ಹೇಳಿದ: “ಟೂರ್‌ಗೆ ಅವನು ಬೇಕು, ಕರ್ಕೊಂಡು ಹೋಗಿ. ಅದು ಮುಗಿದ್ಮೇಲೆ ಆ ಮುಖ ನಂಗೆ ತೋರಿಸ್ಬೇಡಿ.”

ಇಪ್ಪತ್ತಮೂರು ವರ್ಷದ ಸ್ನೇಹ. ನಾನು ಕಿಟಕಿಯಾಚೆ ನೋಡುತ್ತಿದ್ದೆ. ಅಲ್ಲಿ ಏನೂ ಇರಲಿಲ್ಲ, ನೀರಿನ ಟ್ಯಾಂಕು.

ಅಕ್ಟೋಬರ್ ೧೧

ವ್ಯಾನಿನಲ್ಲಿ ಮುಂದಿನ ಸೀಟು ಖಾಲಿ. ಅಲ್ಲಿ ಕೂರಲು ಯಾರಿಗೂ ಮನಸ್ಸಿಲ್ಲ, ಅದಕ್ಕೇ ಬ್ಯಾಗು ಇಟ್ಟಿದ್ದೇವೆ.

ಆ ದಿನ ನಾನು ಆಂಬುಲೆನ್ಸಿನಲ್ಲಿ ಹೋದೆನಲ್ಲ, ಸಾಮಾನೆಲ್ಲ ವ್ಯಾನಿಗೆ ಹತ್ತಿಸಿದವನು ಇಟ್ಟಿಗೆ. ನನ್ನ ಪೆಟ್ಟಿಗೆಯನ್ನೂ ಅವನೇ. ಕಷ್ಟವಾಯಿತಾ ಎಂದು ದಾರಿಯಲ್ಲಿ ಕೇಳಿದೆ, ಸುಮ್ಮನೆ. “ಏನಿಲ್ಲ ಪುಟ್ಟಿ, ತಳ್ಳಿದ್ರೆ ಬಂತು,” ಎಂದ. ರಸ್ತೆ ನೋಡಿಕೊಂಡೇ ಹೇಳಿದ, ಅದರಲ್ಲಿ ಬೇರೇನೂ ಇರಲಿಲ್ಲ. ಒಳ್ಳೆಯದಾಯಿತು ಎಂದೆ. ಆಮೇಲೆ ಊರು ಬರುವವರೆಗೆ ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಂಡಿದ್ದೆ.

ಸಂಜೆ ಹಾಡಿದೆ. ಗಂಟಲು ಪರವಾಗಿಲ್ಲ.

ಅಕ್ಟೋಬರ್ ೧೨

ಚಕ್ರದ ಬೀಗಗಳನ್ನು ಒಂದು ಸಲ ಒದ್ದು, ಮತ್ತೆ ಕೂತು ಕೈಯಿಂದ ಅಲ್ಲಾಡಿಸಿ ನೋಡಿದೆ. ಆಮೇಲೆ ಇನ್ನೊಂದು ಸಲ. ಆ ಪೆಟ್ಟಿಗೆಯನ್ನು ಈಗ ಯಾರೂ ಹತ್ತುವುದಿಲ್ಲ.

ಅಕ್ಟೋಬರ್ ೧೫

ನನ್ನ ಹಾಡನ್ನು ಪಟ್ಟಿಗೆ ಸೇರಿಸಿದ್ದು ವಕೀಲ. ನಾನು ಬೇಡ ಎಂದೆ, ಎರಡು ಸಲ. ಮೂರನೇ ಸಲ ಹೇಳಲಿಲ್ಲ. ಜನ ಕುಣಿದರು. ಮುಗಿದ ಮೇಲೆ ಒಬ್ಬಳು ಹುಡುಗಿ ಬಂದು, ಅಕ್ಕ, ನೀವು ಮೊದಲಿಂದಲೂ ಹಾಡಬೇಕಾಗಿತ್ತು ಎಂದಳು. ಖುಷಿಯಾಯಿತು. ಥೂ, ಖುಷಿಯಾಯಿತು. ಬಚ್ಚಲಿಗೆ ಹೋಗಿ ಮುಖ ತೊಳೆದೆ, ಕನ್ನಡಿ ನೋಡಲಿಲ್ಲ.

‘ಯಾರಿದ್ದೀರಿ’ ಕಷ್ಟವಾಗುತ್ತಿದೆ. ನಾನು ಕೂಗುತ್ತೇನೆ, ನಿಲ್ಲಿಸುತ್ತೇವೆ, ಜನ ಕೈಯೆತ್ತಿಕೊಂಡು ಕಾಯುತ್ತಾರೆ. ಹಾರುವವರು ಯಾರೂ ಇಲ್ಲ. ಅವರೂ ಅದನ್ನು ಬಲ್ಲರು, ಆದರೂ ಎತ್ತುತ್ತಾರೆ. ಇಟ್ಟಿಗೆ ನಾಲ್ಕಕ್ಕೆ ಬಡಿಯಬೇಕು. ಮೊದಲ ದಿನ ಐದಕ್ಕೆ ಬಡಿದ. ನಿನ್ನೆ ಏಳಕ್ಕೆ. ಇವತ್ತು ನಾನು ಹನ್ನೊಂದರವರೆಗೆ ಎಣಿಸಿದೆ. ಕೋಲುಗಳನ್ನು ಮೇಲೆತ್ತಿ ಹಿಡಿದುಕೊಂಡು ಕೂತಿರುತ್ತಾನೆ, ಇಳಿಸಲು ಹೆದರಿಕೆ. ವಕೀಲ ರೇಗಿದ. ಪಾಪ ಬಿಡೋ ಎಂದೆ ನಾನು.

ನಾನು ಇತ್ತೀಚೆಗೆ ಇಟ್ಟಿಗೆಗೆ ಟೀ ತಂದುಕೊಡುತ್ತೇನೆ, ನನ್ನ ದಪ್ಪ ಜಾಕೆಟ್ಟು ಕೊಟ್ಟಿದ್ದೇನೆ, ವ್ಯಾನಿನಲ್ಲಿ ಅವನು ಮಲಗಲು ಉದ್ದನೆಯ ಸೀಟು ಬಿಟ್ಟುಕೊಟ್ಟಿದ್ದೇನೆ. ಇವತ್ತು ಅವನು ಟೀ ಲೋಟವನ್ನೇ ನೋಡುತ್ತಾ ಹೇಳಿದ: “ನೀನೊಬ್ಳೇ ನನ್ನನ್ನ ಬೈದೇ ಇರೋದು. ಬೈದ್ಬಿಡು ಪುಟ್ಟಿ. ನೀನು ಹೀಗಿದ್ರೆ ನಂಗೆ ತಡ್ಕೊಳೋಕಾಗಲ್ಲ.”

ಟೀ ಆರುತ್ತದೆ ಕುಡಿ ಎಂದೆ.

ಅಕ್ಟೋಬರ್ ೧೮

ಅಮ್ಮ ಫೋನ್ ಮಾಡಿದ್ದಳು. ಬೆನ್ನುಮೂಳೆಯ ದೊಡ್ಡ ಡಾಕ್ಟರು ಬಂದು ನೋಡಿದರಂತೆ. ಕಾಲುಗಳ ಆಸೆ ಬಿಡಿ ಎಂದರಂತೆ. ಹಾಗೇ ಎಂದರಾ ಎಂದು ಕೇಳಿದೆ. ದೊಡ್ಡೋರು ಬೇರೆ ಏನೇನೋ ಸೇರಿಸಿ ಹೇಳ್ತಾರೆ, ಸಾರಾಂಶ ಅಷ್ಟೇ ಎಂದಳು. ಅಳಲಿಲ್ಲ. ಆ ಪಾಪಿ ಅಲ್ಲೇ ಇದ್ದಾನಾ, ಉಣ್ಣುತ್ತಿದ್ದಾನಾ ಎಂದು ಕೇಳಿದಳು. ಉಣ್ಣುತ್ತಿಲ್ಲ ಎಂದೆ. ನಂಗೇನಂತೆ ಎಂದು ಫೋನ್ ಇಟ್ಟಳು.

ಅವತ್ತು ಸೌಂಡ್ ಚೆಕ್ಕಿಗೆ ಕರೆದಾಗ ಒಳಗೆ ಹೋಗಿ ನೇರ ಬಾಸ್ ಗಿಟಾರ್ ಹೆಗಲಿಗೆ ಹಾಕಿಕೊಂಡೆ. ಅಣ್ಣನ ಮುಖ ನೋಡಬಾರದು ಎಂದು ಗೋಡೆ ನೋಡಿಕೊಂಡು ಬಾರಿಸಿದೆ. ಅದಾದ ಮೇಲೆ

ನಿದ್ದೆ ಬರುತ್ತಿದೆ. ನಾಳೆ ಬರೆಯುತ್ತೇನೆ.

ಅಕ್ಟೋಬರ್ ೨೧

ಇಟ್ಟಿಗೆ ಹೋದ.

ನಿನ್ನೆ ‘ಯಾರಿದ್ದೀರಿ’ಯಲ್ಲಿ ನಾನು ಕೂಗಿದೆ, ನಿಲ್ಲಿಸಿದೆವು, ಜನ ಕೈಯೆತ್ತಿದರು. ಹತ್ತು, ಹದಿನೈದು, ಇಪ್ಪತ್ತು. ತಿರುಗಿ ನೋಡಿದೆ. ಅವನು ಕೋಲುಗಳನ್ನು ಎತ್ತಿ ಹಿಡಿದೇ ಕೂತಿದ್ದ. ಬಡಿಯೋ ಎಂದು ತುಟಿಯಲ್ಲೇ ಹೇಳಿದೆ. ಆಗಲ್ಲ ಎಂದು ತಲೆಯಾಡಿಸಿದ. ಕೋಲುಗಳನ್ನು ಮೆಲ್ಲಗೆ, ಸದ್ದಾಗದ ಹಾಗೆ, ಡ್ರಮ್ಮಿನ ಮೇಲೆ ಮಲಗಿಸಿ ಎದ್ದು ಹಿಂದಿನ ಬಾಗಿಲಿಂದ ಹೊರಟುಹೋದ. ಜನ ಇದೂ ಆಟದ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದರು. ಇಷ್ಟು ದೊಡ್ಡ ಚಪ್ಪಾಳೆ ಈ ಟೂರಿನಲ್ಲಿ ಬಿದ್ದಿರಲಿಲ್ಲ.

ಬೆಳಿಗ್ಗೆ ವ್ಯಾನಿನ ಚಾವಿ ನನ್ನ ಜಾಕೆಟ್ಟಿನ ಜೇಬಿನಲ್ಲಿತ್ತು. ಜಾಕೆಟ್ಟು ಮಡಿಸಿ ಸೀಟಿನ ಮೇಲಿಟ್ಟಿದ್ದ. ಡ್ರಮ್ಸ್ ಬಿಟ್ಟುಹೋಗಿದ್ದಾನೆ. ಕಾನೂನಿನ ಪ್ರಕಾರ ನಾವು ಅದನ್ನು ಮುಟ್ಟುವ ಹಾಗಿಲ್ಲ. ನಾನೂ ವಕೀಲನೂ ಅದರ ಮುಂದೆ ಬಹಳ ಹೊತ್ತು ನಿಂತಿದ್ದು, ಆಮೇಲೆ ಒಂದೊಂದೇ ಬಿಚ್ಚಿ ವ್ಯಾನಿಗೆ ಹಾಕಿದೆವು. ವಕೀಲ ಮೊದಲ ಸಲ ಏನೂ ವಾದ ಮಾಡಲಿಲ್ಲ.

ಅಕ್ಟೋಬರ್ ೨೫, ಆಸ್ಪತ್ರೆಯ ಕ್ಯಾಂಟೀನ್

ಹೇಳಿದೆ.

ಅಣ್ಣನನ್ನು ದಿಂಬು ಕೊಟ್ಟು ಎತ್ತರಿಸಿ ಕೂರಿಸಿದ್ದರು. ಅಮ್ಮ ಕಿತ್ತಳೆ ಸುಲಿಯುತ್ತಿದ್ದಳು. ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡ ಮಾತೆಲ್ಲ ಬಾಗಿಲಲ್ಲೇ ಉದುರಿಹೋಗಿ, ಬರೀ ಅಸಲು ಬಾಯಿಗೆ ಬಂತು.

“ಅಣ್ಣ, ಅವತ್ತು ಪೆಟ್ಟಿಗೆಗೆ ಬೀಗ ಹಾಕಿರ್ಲಿಲ್ಲ. ಒಂದಕ್ಕೂ ಹಾಕಿರ್ಲಿಲ್ಲ. ನಿನ್ನ ಮೇಲಿನ ಸಿಟ್ಟಲ್ಲಿ ಹಾಗೇ ಬಿಟ್ಟೆ. ನೀನು ಹಾರೋವಾಗ ಅದು ಹಿಂದಕ್ಕೆ ಜಾರ್ತು, ನಾನು ನೋಡ್ದೆ. ಇಟ್ಟಿಗೆದೇನೂ ತಪ್ಪಿಲ್ಲ.”

ಅಣ್ಣ ನನ್ನನ್ನು ನೋಡಿದ. ಬೈಯುತ್ತಾನೆ, ಉಗಿಯುತ್ತಾನೆ, ಎಸೆಯಲು ಏನಾದರೂ ಹುಡುಕುತ್ತಾನೆ ಎಂದುಕೊಂಡೆ. ಅವನ ಕಣ್ಣಿನಲ್ಲಿ ಬಂದದ್ದು ಕನಿಕರ. ಡ್ರಮ್ಮರ್ ಓಡಿಹೋಗಿದ್ದಾನೆ, ಊರುಗಳು ಬಾಕಿ ಇವೆ, ಅವನನ್ನು ಹೇಗಾದರೂ ವಾಪಸ್ಸು ಸೇರಿಸಿಕೊಳ್ಳಬೇಕು, ಅದಕ್ಕೆ ವಕೀಲ ಹೇಳಿಕೊಟ್ಟನಾ ಎಂದು ಕೇಳಿದ. ನಿನ್ನೆ ಇಟ್ಟಿಗೆ ಇಲ್ಲಿಗೆ ಬಂದಿದ್ದನಂತೆ. ಅಣ್ಣ ಒಳಗೆ ಬಿಡಲಿಲ್ಲವಂತೆ. ಬಾಗಿಲಾಚೆ ನಿಂತೇ, ನನ್ನ ಕೈಯೇ ತಪ್ಪಿದ್ದು, ತಾಯಾಣೆಗೂ ನಾನೇ ಎಂದು ಹೇಳಿ ಹೋದನಂತೆ.

ನಾನು ಆಣೆ ಇಟ್ಟೆ. ನಂಬಲಿಲ್ಲ. ಕೊನೆಗೆ ಈ ಪುಸ್ತಕವನ್ನೇ ಬ್ಯಾಗಿನಿಂದ ತೆಗೆದು ಕೈಗೆ ಕೊಟ್ಟೆ. ಇದರಲ್ಲೆಲ್ಲ ಇದೆ, ಓದು ಎಂದೆ. ಇದರಲ್ಲಿ ಎಲ್ಲ ಇದೆ ಎಂದೇ ನಾನು ನಂಬಿದ್ದೆ. ದಿನಾ ಬರೆದೆನಲ್ಲ.

ಅಣ್ಣ ತಾರೀಖು ಹುಡುಕಿ ಓದಿದ, ಜೋರಾಗಿ, ಅಮ್ಮನಿಗೂ ಕೇಳುವ ಹಾಗೆ. ನಾಲ್ಕೂ ಚಕ್ರದ ಬೀಗ ಹಾಕಿದ್ದೆ. ದಿನಾ ಹಾಕುವ ಹಾಗೆ ಒದ್ದು ಹಾಕಿದ್ದೆ. ನನ್ನ ಅಕ್ಷರ, ನನ್ನ ಪೆನ್ನು. ಅದು ಸುಳ್ಳು ಎಂದೆ. ಯಾರಾದರೂ ತಮ್ಮ ದಿನಚರಿಯಲ್ಲಿ ತಮಗೇ ಸುಳ್ಳು ಬರೆದುಕೊಳ್ಳುತ್ತಾರಾ ಎಂದು ಅವನು ಕೇಳಿದ. ಅವನು ಹಿಂದಿನ ಹಾಳೆ ತಿರುಗಿಸಿದ. ಮೂಗು ಜಜ್ಜಿಕೊಂಡು ಬೀಳಬೇಕು ಎಂಬುದನ್ನು ಓದಿದ. ನಕ್ಕೇಬಿಟ್ಟ.

“ಇದಕ್ಕಾ ನೀನು ಇಷ್ಟು ದಿನ ಕೊರಗ್ತಿರೋದು? ಬೈದಿದ್ದಕ್ಕೆ ಯಾರೂ ಬೀಳಲ್ಲ ಕಣೇ. ಹಾಗಿದ್ರೆ ಅಮ್ಮನ ಬಾಯಿಗೆ ನಾನು ಎಂದೋ ಸಾಯ್ಬೇಕಿತ್ತು.”

ಅಮ್ಮ ನನ್ನ ತಲೆ ನೇವರಿಸಿದಳು. ಇವಳದು ಮೆತ್ತನೆ ಕರುಳು, ಆ ಪಾಪಿಗೋಸ್ಕರ ತನ್ನ ಮೇಲೆ ಹಾಕಿಕೊಳ್ಳುತ್ತಿದ್ದಾಳೆ ಎಂದಳು. ಇಪ್ಪತ್ತೇಳು ವರ್ಷದಲ್ಲಿ ಅಮ್ಮ ನನ್ನನ್ನು ಹೊಗಳಿದ್ದು ಇದೇ ಮೊದಲು. ಕಿತ್ತಳೆಯ ತೊಳೆ ಬಾಯಿಗಿಟ್ಟಳು. ತಿಂದೆ.

ಈಗ ಬರೆಯುತ್ತಿದ್ದೇನೆ: ಬೀಗ ಹಾಕಿರಲಿಲ್ಲ. ಹಾಕಿರಲಿಲ್ಲ. ಯಾರು ಓದಬೇಕು ಇದನ್ನು.

ಅಕ್ಟೋಬರ್ ೨೮

ಇಟ್ಟಿಗೆ ಕೆಲಸ ಮಾಡುವ ಕಟ್ಟಡವನ್ನು ಹುಡುಕಲು ಅರ್ಧ ದಿನ ಹಿಡಿಯಿತು. ಮೂರು ಮಹಡಿ, ಇನ್ನೂ ಕಂಬಗಳಷ್ಟೇ. ಅವನು ಕೆಳಗಿನ ಕೋಣೆಯ ಗೋಡೆ ಕಟ್ಟುತ್ತಿದ್ದ. ದಾರ ಕಟ್ಟಿ, ಅದರ ನೇರಕ್ಕೆ ಒಂದೊಂದೇ ಇಟ್ಟಿಗೆ ಕೂರಿಸಿ, ಕರಣೆಯ ಹಿಡಿಯಿಂದ ಮೆಲ್ಲಗೆ ತಟ್ಟುತ್ತಿದ್ದ. ನನ್ನನ್ನು ನೋಡಿ ಮೊದಲು ಕೇಳಿದ್ದು, ಅವನು ಹೇಗಿದ್ದಾನೆ ಎಂದು.

ಹೇಳಿದೆ. ಅಣ್ಣನಿಗೆ ಹೇಳಿದಷ್ಟೂ ಹೇಳಿದೆ, ಒಂದು ಮಾತೂ ಬಿಡಲಿಲ್ಲ. ಅವನು ಕರಣೆ ಕೆಳಗಿಟ್ಟ.

“ಅವತ್ತು ನಿನ್ನ ನಾಲ್ಕು ಒದೆ ಕೇಳಿಸ್ಲಿಲ್ಲ,” ಎಂದ. “ಆಮೇಲೆ ಎಷ್ಟೋ ಸಲ ಅದನ್ನೇ ಯೋಚಿಸ್ದೆ. ನಾನೇ ಗಮನ ಕೊಟ್ಟಿಲ್ಲ ಅಂದ್ಕೊಂಡೆ. ನೀನು ಮರೀತೀಯ ಅಂತ ಅನ್ನಿಸ್ಲೇ ಇಲ್ಲ.” ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡ. “ಪೆಟ್ಟಿಗೆ ಅಲ್ಲಾಡಿದ್ದು ಕಂಡೇ ಕೈ ಬೆಚ್ಚಿತೇನೋ. ನಾನು ಬಡಿದಿದ್ದಕ್ಕೆ ಅವನು ಬೆಚ್ಚಿದ ಅಂತಲ್ವಾ ಎಲ್ಲರೂ ಅಂದಿದ್ದು.”

ಆಮೇಲೆ ನನ್ನ ಕಡೆ ತಿರುಗಿದ.

“ಯಾವಾಗಿಂದ ಗೊತ್ತು ನಿಂಗೆ?”

“ಅವತ್ತಿಂದ.”

“ನಂಗೆ ಟೀ ತಂದ್ಕೊಡ್ತಿದ್ದಾಗ್ಲೂ?”

“ಹೂಂ.”

ಮೇಲಿನ ಮಹಡಿಯಲ್ಲಿ ಯಾರೋ ಕಬ್ಬಿಣದ ಸರಳು ಕೊಯ್ಯುತ್ತಿದ್ದರು. ಅದು ನಿಂತ ಮೇಲೆ ಇಟ್ಟಿಗೆ, ಅವನಿಗೆ ಹೇಳಿದ್ಯಾ ಎಂದು ಕೇಳಿದ. ಹೇಳಿದೆ, ನಂಬಲಿಲ್ಲ, ಅಮ್ಮನೂ ನಂಬಲಿಲ್ಲ ಎಂದೆ.

“ನಾನು ನಂಬ್ತೀನಿ,” ಎಂದ.

ಅಳಬೇಕು ಎನಿಸಿತು, ಕಾಲಿಗೆ ಬೀಳಬೇಕು ಎನಿಸಿತು, ಎರಡೂ ಆಗಲಿಲ್ಲ. ಅವನು ಬಗ್ಗಿ ಕರಣೆ ಎತ್ತಿಕೊಂಡು ಬಾಣಲಿಯಿಂದ ಗಾರೆ ತೆಗೆದು ದಾರದ ಗುಂಟ ಹರಡಿದ. ಮುಂದಿನ ಇಟ್ಟಿಗೆ ಕೂರಿಸಬೇಕಾದ ಜಾಗಕ್ಕೆ ನಾನು ಅಡ್ಡ ನಿಂತಿದ್ದೆ. ಪುಟ್ಟಿ, ಆ ಕಡೆ ನಿಲ್ಲು ಎನ್ನುತ್ತಾನೆ ಎಂದು ಕಾದೆ.

“ಸ್ವಲ್ಪ ಜರುಗಿ ಮೇಡಂ,” ಎಂದ.

ಜರುಗಿದೆ.